ರಾಗಿ ತೂಗಿದ ಮೇಲೆ ದುಡ್ಡು ಯಾವಾಗ?

ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಕಾರ್ಖಾನೆಗಳು ಪಾಲಿಸುತ್ತವೆಯೇ ಎಂಬುದು ಬೇರೆ ಮಾತು, ಕೇಳಲು ಹಕ್ಕಾದರೂ ಇದೆ. ಬೆಂಬಲ ಬೆಲೆಗೆ ಸರ್ಕಾರದ ಖರೀದಿ ಕೇಂದ್ರಕ್ಕೆ ರಾಗಿ ಕೊಟ್ಟವರಿಗೆ? ಬೆಂಬಲ ಬೆಲೆಗೇ ಕಾಯ್ದೆಯ ಬಲವಿಲ್ಲ, ಇನ್ನು ಬಡ್ಡಿ ಎಲ್ಲಿಂದ ಬಂತು! 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಷ್ಟೇ ಮೊತ್ತವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ಮಾಡಿದವರಿಗೆ ಹಣ ಮೂರು ತಿಂಗಳು ತಡವಾಯಿತು ಅನ್ನಿ, ಬಡ್ಡಿಗೇ ಸುಮಾರು 293 ರೂಪಾಯಿ ಹೋಯಿತು. ಅಂದರೆ ಘೋಷಿಸಿದ ಬೆಲೆ ಬೇರೆ, ದಕ್ಕಿದ ಬೆಲೆ ಬೇರೆ. ಕಡಿಮೆ ದರ ಹೇಳಿದರೂ ಕೂಡಲೇ ನೋಟು ಎಣಿಸುವ ವರ್ತಕನ ಕಡೆಗೆ ಸಣ್ಣ ರೈತ ಹೋಗುವುದರಲ್ಲಿ ಅಚ್ಚರಿಯೇನಿಲ್ಲ.

ರಾಗಿಗೂ ಪಾವತಿಗೆ ಗಡುವು ಇರಲಿ ಎಂದರೆ, ರೈತರ ಹೆಸರಿನಲ್ಲಿ ದಲ್ಲಾಳಿಗಳು ಮಾಲು ತಂದು ಸುರಿಯುತ್ತಾರೆ, ಪರಿಶೀಲನೆಗೆ ಸಮಯ ಬೇಕು ಎಂಬ ಆಕ್ಷೇಪವಿದೆ. ಭಯ ಸುಳ್ಳಲ್ಲ. ಆದರೆ ರೈತ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ಬೆಳೆ ಸಮೀಕ್ಷೆ, ಆಧಾರ್ ಜೋಡಿಸಿದ ಖಾತೆ, ಇವನ್ನೆಲ್ಲ ನೋಂದಣಿಯ ಹೊತ್ತಿಗೇ ನೋಡಿ ಮುಗಿಸಬಹುದು. ಗುಣಮಟ್ಟ ಒಪ್ಪಿ, ತೂಗಿ, ಮೂಟೆ ಗೋದಾಮು ಸೇರಿದ ಮೇಲೆ ಇನ್ನೇನು ಪರಿಶೀಲನೆ? ಕೇಂದ್ರದ ಹಣ ಬರುವುದು ತಡ ಎಂಬ ಇನ್ನೊಂದು ಉತ್ತರ ಇನ್ನೂ ಸಡಿಲ: ಎರಡು ಸರ್ಕಾರಗಳ ಲೆಕ್ಕಾಚಾರಕ್ಕೆ ಸಾಲ ಕೊಡುವವನು ರೈತನಾಗಬೇಕೆ? ಖರೀದಿ ಕೇಂದ್ರ ತೆರೆಯುವ ಮೊದಲೇ ಆವರ್ತ ನಿಧಿಯಲ್ಲಿ ಹಣವಿಡಿ, ರಸೀದಿಯ ಮೇಲೆ ಪಾವತಿಯ ಗಡುವನ್ನೂ ಬಡ್ಡಿಯ ದರವನ್ನೂ ಅಚ್ಚು ಹಾಕಿಸಿ.