ಹಾರ್ಲೆಮ್‌ನಲ್ಲಿ ಕೇಳಿದ ಚೈಕೋವ್‌ಸ್ಕಿ

ನ್ಯೂಯಾರ್ಕ್
ಡಿಸೆಂಬರ್ 21

ಪ್ರೀತಿಯ ಅಕ್ಕನಿಗೆ,

ನಿನ್ನೆ ರಾತ್ರಿ ಹಾರ್ಲೆಮ್‌ನಲ್ಲಿ ಕೇಳಿದ ಕಚೇರಿ ಇನ್ನೂ ಕಿವಿ ಬಿಟ್ಟಿಲ್ಲ. ವೀಣೆ ನುಡಿಸುವ ನಿನಗೆ ಅದನ್ನು ಹೇಳದೆ ಇರಲಾರೆ.

ಕ್ರಿಸ್‌ಮಸ್ ಬಂತೆಂದರೆ ಈ ಊರಿನಲ್ಲಿ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಇರಲೇಬೇಕು. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲು ರಂಗಕ್ಕೆ ಬಂದ ಬ್ಯಾಲೆ ಅದು. ಅದರ ಸಂಗೀತವನ್ನು 1960ರಲ್ಲಿ ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ತಮ್ಮ ಬಿಗ್ ಬ್ಯಾಂಡಿಗೆ ಒಗ್ಗಿಸಿದರು. ನಿನ್ನೆ ನುಡಿಸಿದ್ದು ಅದನ್ನೇ. ಸ್ಯಾಕ್ಸೊಫೋನ್, ಟ್ರಾಂಬೋನ್, ಟ್ರಂಪೆಟ್‌ಗಳ ಸಾಲು, ಪಕ್ಕದಲ್ಲಿ ಪಿಯಾನೋ, ಬಾಸ್, ಡ್ರಮ್ಸ್. ಪಿಟೀಲು ಒಂದೂ ಇಲ್ಲ!

ಆ ಬ್ಯಾಲೆಯಲ್ಲಿ ಸಕ್ಕರೆ ಯಕ್ಷಿಣಿಯ ನೃತ್ಯವೊಂದಿದೆ. ಅದಕ್ಕೆ ಚೈಕೋವ್‌ಸ್ಕಿ ಆರಿಸಿದ್ದು ಸೆಲೆಸ್ಟಾ, ಗೆಜ್ಜೆಯ ಹಾಗೆ ಕಿಣಿಕಿಣಿ ಎನ್ನುವ ವಾದ್ಯ. ಪ್ಯಾರಿಸ್ಸಿನಲ್ಲಿ ಅದನ್ನು ಕಂಡು, ಬೇರೆ ರಚನಕಾರರು ತನಗಿಂತ ಮೊದಲೇ ಬಳಸಿಬಿಟ್ಟಾರೆಂದು ಗುಟ್ಟಾಗಿ ತರಿಸಿಕೊಂಡವನು ಆತ. ಎಲಿಂಗ್ಟನ್ ಬಳಗ ಆ ಹಾಡನ್ನು ಟೆನರ್ ಸ್ಯಾಕ್ಸೊಫೋನಿಗೆ ಕೊಟ್ಟು ಗತಿಯನ್ನು ಇಳಿಸಿತು. ಸ್ವರಗಳು ಬಹುಮಟ್ಟಿಗೆ ಅವೇ. ಆದರೆ ಈ ಯಕ್ಷಿಣಿ ತುದಿಬೆರಳ ಮೇಲೆ ನಿಲ್ಲುವವಳಲ್ಲ, ಸೊಂಟ ಬಳುಕಿಸಿ ನಿಧಾನಕ್ಕೆ ನಡೆಯುವವಳು.

ಮಾರ್ಚ್ ಭಾಗದಲ್ಲಂತೂ ನಿನ್ನ ನೆನಪೇ ಬಂತು. ಸ್ವಿಂಗ್ ಎಂಬ ಜಾಝ್ ಲಯದಲ್ಲಿ ಒಂದು ಎಣಿಕೆಯನ್ನು ಎರಡು ಸಮಪಾಲು ಮಾಡುವುದಿಲ್ಲ. ಮೊದಲ ಸ್ವರ ಎಳೆಯುತ್ತದೆ, ಎರಡನೆಯದು ಚುಟುಕು. ತಿಶ್ರ ನಡೆಯಲ್ಲಿ ಮೊದಲೆರಡು ಮಾತ್ರೆ ಒಂದು ಸ್ವರಕ್ಕೆ, ಮೂರನೆಯದು ಇನ್ನೊಂದಕ್ಕೆ ಕೊಟ್ಟು ನೋಡು, ಹತ್ತಿರ ಬರುತ್ತೀಯ. ಪೂರ್ತಿ ಸಿಗುವುದಿಲ್ಲ, ಏಕೆಂದರೆ ವೇಗ ಏರಿದಷ್ಟೂ ಎರಡೂ ಸಮವಾಗುತ್ತಾ ಬರುತ್ತವೆ. ಅದು ಕಿವಿಯಿಂದಲೇ ಕಲಿಯುವ ವಿದ್ಯೆ. ಸಭಿಕರು ಚಿಟಿಕೆ ಹಾಕುತ್ತಿದ್ದುದೂ ಎರಡು ಮತ್ತು ನಾಲ್ಕನೆಯ ಎಣಿಕೆಗೆ.

ಸ್ಟ್ರೇಹಾರ್ನ್ ಬಗ್ಗೆ ಒಂದು ಮಾತು. 1939ರಿಂದ ಎಲಿಂಗ್ಟನ್ ಜೊತೆಗಿದ್ದು ಎಷ್ಟೋ ಸಂಗೀತ ಬರೆದ ಆತನ ಹೆಸರು ಜನರ ಬಾಯಿಗೆ ಬಂದದ್ದು ಕಡಿಮೆ. ನನಗದು ಅನ್ಯಾಯವೆನಿಸುತ್ತದೆ. ಈ ಸಂಗೀತದ ರೆಕಾರ್ಡಿನ ಹೊದಿಕೆಯ ಮೇಲಾದರೂ ಅವನ ಹೆಸರಿದೆ. ನಾನು ಹಾರ್ಲೆಮ್‌ಗೆ ಹೋದ ‘ಎ’ ರೈಲಿನ ಮೇಲೆ ಆ ಬ್ಯಾಂಡಿನ ಪ್ರಸಿದ್ಧ ಗೀತೆ ಕಟ್ಟಿದವನೂ ಅವನೇ.

ರೆಕಾರ್ಡ್ ಕೊಂಡಿದ್ದೇನೆ, ಜನವರಿಯಲ್ಲಿ ತರುತ್ತೇನೆ. ಅಷ್ಟರೊಳಗೆ ಮೂಲವನ್ನು ಒಮ್ಮೆ ಕೇಳಿರು. ರೆಕಾರ್ಡಿನ ಕೊನೆಯಲ್ಲಿರುವ ಅರಬ್ಬೀ ನೃತ್ಯದ ಬಗ್ಗೆ ಏನೂ ಬರೆಯುವುದಿಲ್ಲ, ಜೊತೆಗೆ ಕೂತು ಕೇಳೋಣ.

ಇತಿ ನಿನ್ನ ತಮ್ಮ