ಸುರುಳಿಗಳ ಸಂಸಾರ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದ ಸಂತೆಗಳಲ್ಲಿ ಸ್ಪ್ರಿಂಗ್ ಹಾಸಿಗೆಯ ಅಂಗಡಿ ಇರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ, ಯಾವುದನ್ನು ಕೊಳ್ಳುವುದೆಂಬ ಚಿಂತೆಯಲ್ಲೇ ಅವರ ನಿದ್ದೆ ಹಾರಿಹೋಗುತ್ತಿತ್ತು!

ನಮ್ಮ ಮನೆಯಲ್ಲಿದ್ದುದು ಬೂರುಗದ ಹತ್ತಿಯ ಹಾಸಿಗೆ. ವರ್ಷಗಳು ಕಳೆದಂತೆ ಅದು ಗಂಟುಗಟ್ಟಿ, ನಡುವೆ ಹಳ್ಳ ಬಿದ್ದು, ಒಬ್ಬರು ಹೊರಳಿದರೆ ಇನ್ನೊಬ್ಬರನ್ನೂ ಉರುಳಿಸುತ್ತಿತ್ತು. ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕು. ತಾಯಿಯವರಿಗೆ ಎಚ್ಚರವಾಗಬಾರದೆಂದು ಅವರು ಉಸಿರು ಬಿಗಿಹಿಡಿದು ಏಳುವರು. ತಾಯಿಯವರಿಗೆ ಎಚ್ಚರವಾಗಿಯೇ ಆಗುವುದು; ಆದರೆ ಪತಿಯು ನೊಂದುಕೊಂಡಾರೆಂದು ಕಣ್ಣುಮುಚ್ಚಿ ಮಲಗಿರುವರು. ಇಬ್ಬರೂ ತಂತಮ್ಮ ಗುಟ್ಟನ್ನು ಬೇರೆ ಬೇರೆಯಾಗಿ ನನ್ನ ಕಿವಿಯಲ್ಲಿ ಹಾಕಿದ್ದರಿಂದ, ಹೊಸ ಹಾಸಿಗೆಯ ಹೊಣೆ ನನ್ನ ಪಾಲಿಗೆ ಬಂತು.

ಅಂಗಡಿಯಲ್ಲಿ ಮೂರು ತೆರನ ಹಾಸಿಗೆಗಳನ್ನು ಕಂಡೆ. ಮೊದಲನೆಯದು ಬೊನೆಲ್. ಇದರ ಸುರುಳಿಗೆ ಬುಡುಬುಡಿಕೆಯ ಆಕಾರ. ಮೇಲೂ ಕೆಳಗೂ ಅಗಲ, ನಡು ಸಣ್ಣ. ಹತ್ತೊಂಬತ್ತನೆಯ ಶತಮಾನದ ಕುದುರೆಗಾಡಿಗಳ ಆಸನದ ಸುರುಳಿಯೇ ಇದರ ಮೂಲ. ಎಲ್ಲ ಸುರುಳಿಗಳನ್ನೂ ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಇದು ಅವಿಭಕ್ತ ಕುಟುಂಬ. ಒಬ್ಬನಿಗೆ ನೆಗಡಿಯಾದರೆ ಮನೆಮಂದಿಯೆಲ್ಲ ಸೀನಬೇಕು. ಆದರೆ ಒಳಗೆ ಗಾಳಿ ಚೆನ್ನಾಗಿ ಆಡುತ್ತದೆ, ಬೆಲೆಯೂ ಕಡಿಮೆ.

ಎರಡನೆಯದರಲ್ಲಿ ಉದ್ದನೆಯ ಒಂದೇ ತಂತಿಯನ್ನು ಬಾಗಿಸಿ ಸಾಲುದ್ದಕ್ಕೂ ಸುರುಳಿ ಮಾಡಿರುತ್ತಾರೆ. ಗಟ್ಟಿಮುಟ್ಟೇನೋ ಹೌದು, ಅಲುಗಾಟವೂ ಅದೇ ತಂತಿಯ ಹಾದಿ ಹಿಡಿದು ಸಾಗುತ್ತದೆ.

ಮೂರನೆಯದು ಪಾಕೆಟ್ ಸ್ಪ್ರಿಂಗ್. ಸುಮಾರು 1900ರಲ್ಲಿ ಕೆನಡಾದ ಜೇಮ್ಸ್ ಮಾರ್ಷಲ್ ಎಂಬ ಎಂಜಿನಿಯರು ಇದಕ್ಕೆ ಪೇಟೆಂಟ್ ಪಡೆದನು. ಇಲ್ಲಿ ಪ್ರತಿ ಸುರುಳಿಗೂ ಒಂದೊಂದು ಬಟ್ಟೆಯ ಚೀಲ. ಪರಸ್ಪರ ಅಂಟಿಕೊಂಡಿರುವುದು ಚೀಲಗಳೇ ಹೊರತು ತಂತಿಗಳಲ್ಲ. ಒಂದೇ ವಠಾರ, ಬೇರೆ ಬೇರೆ ಒಲೆ! ಭಾರ ಬಿದ್ದ ಕಡೆಯ ಸುರುಳಿಗಳು ತಗ್ಗುತ್ತವೆ. ಉಳಿದವು ಬಹುಮಟ್ಟಿಗೆ ತಮ್ಮ ಪಾಡಿಗೆ ತಾವಿರುತ್ತವೆ.

ಅಂಗಡಿಯವರು ಸುರುಳಿಗಳ ಲೆಕ್ಕವನ್ನೇ ಹಾಡಿದರು. ಆದರೆ ಸಂಖ್ಯೆಯೊಂದೇ ಸಾಲದು. ಒತ್ತಿದಷ್ಟೂ ಸುರುಳಿಯ ಪ್ರತಿಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದಾನೆ. ಆ ಬಲವು ತಂತಿಯ ದಪ್ಪವನ್ನೂ ಅವಲಂಬಿಸಿದೆ. ಗೇಜಿನ ಅಂಕಿ ಏರಿದಂತೆ ತಂತಿ ತೆಳುವಾಗುತ್ತದೆ. ಕಲಾ ವಿಭಾಗದವನಾದ ನಾನು ಇದಕ್ಕಿಂತ ಹೆಚ್ಚು ವಿಜ್ಞಾನ ಹೇಳಿದರೆ ಅಧಿಕಪ್ರಸಂಗವಾದೀತು.

ಕೊನೆಗೆ ತಂದೆತಾಯಿಯರನ್ನೇ ಕರೆದೊಯ್ದೆ. ತಾಯಿಯವರನ್ನು ಕಣ್ಣುಮುಚ್ಚಿ ಮಲಗಲು ಹೇಳಿ, ಪಕ್ಕದಲ್ಲಿ ತಂದೆಯವರನ್ನು ಕೂತು ಏಳಿಸಿದೆ. ಬೊನೆಲ್ ಮೇಲೆ ತಾಯಿಯವರು ತಟ್ಟನೆ ಕಣ್ಣು ತೆರೆದರು. ಪಾಕೆಟ್ ಮೇಲೆ, ತಂದೆಯವರು ಎದ್ದು ನಿಂತ ಮೇಲೂ, "ಇನ್ನೂ ಏಳಲಿಲ್ಲವೇನೋ ನಿಮ್ಮಪ್ಪ?" ಎಂದು ಕೇಳಿದರು. ತಂದೆಯವರು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಬೆಲೆ ಕೇಳಿ ತಾಯಿಯವರು, "ಇಷ್ಟು ದುಡ್ಡು ಯಾಕೆ ಸುರಿಯುತ್ತೀಯೋ? ನಿನ್ನ ಪುಸ್ತಕಕ್ಕಾಗುತ್ತಿತ್ತು" ಎಂದರು. ನನ್ನ ವಿದ್ಯಾರ್ಥಿವೇತನದ ಉಳಿತಾಯಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಪುಸ್ತಕಗಳು ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕುತ್ತವೆ.

ಬೊನೆಲ್ ಕೆಟ್ಟದ್ದೆಂದು ನನ್ನ ವಾದವಲ್ಲ. ಒಂಟಿಯಾಗಿ ಮಲಗುವವರಿಗೆ ಅದು ಧಾರಾಳವಾಗಿ ಸಾಕು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಸರಿಯೇ. ಆದರೆ ಕೊಳ್ಳುವ ಮುನ್ನ, ಪಕ್ಕದಲ್ಲಿ ಇನ್ನಾರ ಕಾಲಿದೆಯೆಂದು ನೋಡುವುದೂ ವಿವೇಕವೇ.