ಸಾಲಿಗ್ರಾಮದ ಹಾಲು, ಹೊತ್ತು ಮುಳುಗಿದ ಮೇಲಿನ ಹಲ್ಲು

ಮೈಸೂರಿನಿಂದ ಕೃಷ್ಣರಾಜನಗರದ ಮಾರ್ಗವಾಗಿ ಸುಮಾರು 60 ಕಿ.ಮೀ. ಸಾಗಿದರೆ ಸಾಲಿಗ್ರಾಮ. ಕೃಷ್ಣರಾಜನಗರದಿಂದ ಬೇರ್ಪಟ್ಟು ಈಗ ತಾನೇ ಒಂದು ತಾಲ್ಲೂಕಾಗಿದ್ದರೂ ಈ ಊರಿನ ಹೆಸರು ಹಳೆಯದು. ಇಲ್ಲಿ ಜೈನ ಬಸದಿಗಳಿವೆ. ರಾಮಾನುಜಾಚಾರ್ಯರ ಪಾದ ಸೋಕಿದ್ದೆಂದು ನಂಬಲಾದ ಶ್ರೀಪಾದ ತೀರ್ಥವಿದೆ. ಆಚಾರ್ಯರ ಶಿಷ್ಯ ವಡುಗನಂಬಿ ಈ ಊರಿನವರೇ ಎಂದು ಪ್ರತೀತಿ. ಶ್ರೀರಂಗದಲ್ಲಿ ರಂಗನಾಥನ ಉತ್ಸವ ಬಂದಾಗ ಗುರುಗಳೇ ಕರೆದರೂ ವಡುಗನಂಬಿ ಒಲೆಯ ಮುಂದಿನಿಂದ ಏಳಲಿಲ್ಲವಂತೆ. ಗುರುಗಳಿಗೆಂದು ಇಟ್ಟ ಹಾಲು ಕೆಟ್ಟೀತೆಂಬುದು ಅವರ ಚಿಂತೆ!

ಆ ಹಾಲು ಇನ್ನೊಂದು ಆಪತ್ತಿಗೂ ಒದಗುತ್ತದೆಂಬುದು ಎಷ್ಟೋ ತಂದೆತಾಯಿಗಳಿಗೆ ತಿಳಿದಿರಲಿಕ್ಕಿಲ್ಲ. ಸಂಜೆ ಆಟದ ಬಯಲಿನಲ್ಲಿ ಚೆಂಡು ಬಡಿದು ಹುಡುಗನ ಮುಂದಿನ ಹಲ್ಲು ಬುಡಸಮೇತ ಕಿತ್ತುಬಂತೆನ್ನಿ. ಹಲ್ಲಿನ ಡಾಕ್ಟರು ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ; ಮೈಸೂರು ಗಂಟೆಗೂ ಮೀರಿದ ದಾರಿ. ಆದರೆ ಹಲ್ಲಿನ ಬೇರಿಗೆ ಅಂಟಿದ ಜೀವಕೋಶಗಳು ಒಣಗಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನು ಹಿಡಿದು ಹಲ್ಲನ್ನು ಎತ್ತಿಕೊಳ್ಳಬೇಕು. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆದರಾಯಿತು, ಉಜ್ಜಕೂಡದು. ಹುಡುಗ ಧೈರ್ಯಸ್ಥನಾದರೆ ಅಲ್ಲೇ ಗುಳಿಯೊಳಗೆ ಕೂರಿಸಿ, ಶುಭ್ರವಾದ ಕರವಸ್ತ್ರವನ್ನು ಮೆಲ್ಲನೆ ಕಚ್ಚಿಸಬಹುದು. ಇಲ್ಲವಾದರೆ ಹಲ್ಲು ಹಾಲಿನಲ್ಲಿ ಮುಳುಗಿರಲಿ. ಹಾಲಿನಲ್ಲಿ ಆ ಕೋಶಗಳು ಕೆಲವು ಗಂಟೆ ಬದುಕುತ್ತವೆ. ನೀರಿನಲ್ಲಿ ಉಬ್ಬಿ ಒಡೆಯುತ್ತವೆ. ವಡುಗನಂಬಿಯ ಒಲೆಯ ಮೇಲಿನ ಬಿಸಿಹಾಲು ಮಾತ್ರ ಬೇಡ, ತಣ್ಣಗಿರಬೇಕು. ಇಷ್ಟೆಲ್ಲ ಶ್ರಮ ಶಾಶ್ವತ ಹಲ್ಲಿಗೆ. ಹಾಲುಹಲ್ಲನ್ನು ಮತ್ತೆ ಕೂರಿಸಹೋದರೆ ಕೆಳಗೆ ಮೂಡುತ್ತಿರುವ ಹಲ್ಲಿಗೇ ಪೆಟ್ಟು.

ಹುಳುಕು ಹಲ್ಲಿನ ನೋವು ಬೇರೆ ಬಗೆಯದು. ಅದು ಮಲಗಿದಾಗಲೇ ಹೆಚ್ಚುತ್ತದೆ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು, ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಸಿಟಮಾಲ್ ಇವುಗಳಿಂದ ಬೆಳಗಿನವರೆಗೆ ತಳ್ಳಬಹುದು. ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟುಕೊಂಡರೆ ವಸಡು ಸುಡುತ್ತದೆ, ನೋವು ಹೋಗದು.

ಕೆನ್ನೆಯ ಬಾವು ಕಣ್ಣಿಗೋ ಕತ್ತಿಗೋ ಹಬ್ಬಿ, ಜ್ವರ ಬಂದು, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ ಬೆಳಗನ್ನು ಕಾಯುವಂತಿಲ್ಲ. ಕೀವು ಉಸಿರಿನ ದಾರಿಯನ್ನೇ ಮುಚ್ಚೀತು. ಮೈಸೂರಿನಲ್ಲಿ 1986ರಿಂದ ಜೆಎಸ್ಎಸ್ ದಂತ ಕಾಲೇಜಿದೆ. ನಡುರಾತ್ರಿಯ ಇಂಥ ಆಪತ್ತಿಗಾದರೋ ಕೃಷ್ಣರಾಜೇಂದ್ರ ಆಸ್ಪತ್ರೆಯ ತುರ್ತು ವಿಭಾಗ ಇರುಳೆಲ್ಲ ತೆರೆದಿರುತ್ತದೆ. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ಕರೆಯಬಹುದು.

ಹಲ್ಲು ಹೊತ್ತು ಹೋಗುವವರಿಗೆ ಮುಚ್ಚಳ ಬಿಗಿಯಾದ ಸಣ್ಣ ಸ್ಟೀಲ್ ಡಬ್ಬಿ ಮೇಲು. ಲೋಟದ ಹಾಲು ಕೃಷ್ಣರಾಜನಗರ ಸೇರುವ ಮುಂಚೆಯೇ ಚೆಲ್ಲಿರುತ್ತದೆ. ಹಲ್ಲು ಬಿದ್ದ ಹೊತ್ತನ್ನು ಗಡಿಯಾರ ನೋಡಿ ಗುರುತಿಟ್ಟುಕೊಂಡಿರಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ.